ನಮ್ಮ ಮನೆಯ ಸರ್ವನಾಮಗಳು

ಶಾಲೆ ತೆರೆದ ಎರಡನೆಯ ವಾರಕ್ಕೆ ಸರ್ವನಾಮದ ಪಾಠ ಬರುತ್ತಿತ್ತು. ವಡೋದರಾದ ಒಂದು ಶಾಲೆಯಲ್ಲಿ ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಮಕ್ಕಳು ಬದಲಾದರು, ಪುಸ್ತಕದ ರಟ್ಟು ಬದಲಾಯಿತು, ಆ ಪಾಠ ಮಾತ್ರ ಅದೇ ವಾರಕ್ಕೆ, ಅದೇ ಸೆಕೆಯಲ್ಲಿ ಬಂದು ನಿಲ್ಲುತ್ತಿತ್ತು. ನಾಮಪದದ ಬದಲಿಗೆ ಬಳಸುವ ಪದವೇ ಸರ್ವನಾಮ ಎಂದು ಹೇಳಿ, ಬೋರ್ಡಿನ ಮೇಲೆ ಮೂರು ಗೆರೆ ಎಳೆದು, ಮೊದಲ ಸಾಲಿನಲ್ಲಿ ‘ಐ’, ‘ವಿ’, ಎರಡನೆಯದರಲ್ಲಿ ‘ಯು’, ಮೂರನೆಯದರಲ್ಲಿ ‘ಹಿ’, ‘ಷಿ’, ‘ಇಟ್’, ‘ದೇ’ ಎಂದು ಬರೆಯುತ್ತಿದ್ದೆ. ಗಂಡಸಿಗೆ ಇದು, ಹೆಂಗಸಿಗೆ ಇದು, ವಸ್ತುವಿಗೂ ಪ್ರಾಣಿಗೂ ಇದು ಎಂದು ಕೋಲಿನಿಂದ ಒಂದೊಂದನ್ನೇ ತೋರಿಸುತ್ತಿದ್ದೆ. ಕೊನೆಕೊನೆಗೆ ಮಧ್ಯಾಹ್ನವಾಗುವಷ್ಟರಲ್ಲಿ ಗಂಟಲು ಕಟ್ಟಿ, ಮಾತಿಗಿಂತ ಕೋಲೇ ಹೆಚ್ಚು ಕೆಲಸ ಮಾಡುತ್ತಿತ್ತು. ಮೂರನೆಯ ಸಾಲಿನ ಒಂದು ಪದದ ಹತ್ತಿರ ಬಂದಾಗ ನನ್ನ ಕೈ ತುಸು ನಿಧಾನವಾಗುತ್ತಿತ್ತು. ಮಕ್ಕಳು ಅದನ್ನು ಗಮನಿಸಲಿಲ್ಲ. ಗಮನಿಸಿ ಕೇಳಿದ್ದರೂ ಉತ್ತರ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಈಗ ನಿವೃತ್ತಳಾಗಿ ಕೂತಿದ್ದೇನೆ, ಹೇಳುವುದೊಂದು ಉಳಿದಿದೆ.

ನಾನು ಆ ಪಾಠ ಕಲಿತದ್ದು ಅಹಮದಾಬಾದಿನ ಮಣಿನಗರದಲ್ಲಿ. ಅಪ್ಪ ಬ್ಯಾಂಕಿನ ನೌಕರಿಗೆಂದು ಧಾರವಾಡದ ಕಡೆಯಿಂದ ಅಲ್ಲಿಗೆ ವರ್ಗವಾಗಿ ಬಂದಿದ್ದರು. ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆಯ ಗಲ್ಲಿಯಲ್ಲಿ ಹಂಸಾಬೆನ್ ಅವರ ಮನೆಯ ಮಹಡಿ ನಮ್ಮದು. ಎರಡು ಕೋಣೆ, ಬೀದಿಗೆ ಮುಖ ಮಾಡಿದ ಒಂದು ಸಣ್ಣ ಗ್ಯಾಲರಿ. ಮುಂದಿನ ಕೋಣೆ ಅಪ್ಪನದು: ಅವರ ಕಬ್ಬಿಣದ ಮಂಚ, ಮೇಜು, ಗೋಡೆಗೆ ಒರಗಿಸಿಟ್ಟ ಸೈಕಲ್ಲು, ಬಂದವರಿಗೆಂದು ಎರಡು ಮಡಚುವ ಕುರ್ಚಿ. ಹಿಂದಿನದು ಅಡಿಗೆಮನೆ. ಅಲ್ಲೇ ಒಲೆ, ಅಲ್ಲೇ ದೇವರು, ಅಲ್ಲೇ ನೀರಿನ ಹಂಡೆ; ಸಂಜೆ ನೆಲ ಒರೆಸಿದ ಮೇಲೆ ಅವ್ವ, ಆಯಿ, ನಾನು ಹಾಸಿಗೆ ಹಾಸಿಕೊಳ್ಳುವುದೂ ಅಲ್ಲೇ. ಆಯಿ ಎಂದರೆ ಅಪ್ಪನ ತಾಯಿ. ಅಡಿಗೆಮನೆಯ ಕಿಟಕಿಯಿಂದ ಕೆಳಗೆ ಹಂಸಾಬೆನ್ ಅವರ ಅಂಗಳದ ತೂಗುಮಂಚ ಕಾಣುತ್ತಿತ್ತು. ಊರಿನಿಂದ ತಂದ ಜೋಳದ ಹಿಟ್ಟು ಮುಗಿಯುವವರೆಗೆ ಜೋಳದ ರೊಟ್ಟಿ, ಮುಗಿದ ಮೇಲೆ ಸಜ್ಜೆಯದು. ಸಜ್ಜೆಯ ರೊಟ್ಟಿ ಕಂಡರೆ ಅಪ್ಪ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ದೂಡುತ್ತಿದ್ದರು. ಅವ್ವ ಅದನ್ನು ನೋಡಿಯೂ ನೋಡದವಳಂತೆ ಇನ್ನೊಂದು ರೊಟ್ಟಿ ಬಡಿಯುತ್ತಿದ್ದಳು. ಬರೆಯುತ್ತ ಗಮನಿಸಿದೆ: ಅಪ್ಪ ಬಂದರೆ ‘ದೂಡುತ್ತಿದ್ದರು’, ಅವ್ವ ಬಂದರೆ ‘ಬಡಿಯುತ್ತಿದ್ದಳು’. ಈ ವಯಸ್ಸಿನಲ್ಲೂ ನನ್ನ ಕೈ ಹಾಗೆಯೇ ಹೋಗುತ್ತದೆ. ತಿದ್ದುವುದಿಲ್ಲ, ಇರಲಿ. ನಮ್ಮ ಮನೆ ಇದ್ದದ್ದೇ ಹಾಗೆ.

ಅಪ್ಪನಿಗೆ ಎಲ್ಲರೂ ‘ನೀವು’ ಎನ್ನಬೇಕು, ಅವರ ತಾಯಿ ಒಬ್ಬಳನ್ನು ಬಿಟ್ಟು. ಅವ್ವನಿಗೆ ಎಲ್ಲರೂ ‘ನೀ’ ಎನ್ನಬಹುದು, ನಾನೂ ಕೂಡ. ಅಪ್ಪ ಮನೆಯಲ್ಲಿಲ್ಲದಾಗ ಅವರು ‘ಅವರು’. ಅವ್ವ ಎದುರಿಗೇ ಇದ್ದರೂ ‘ಅದು’. ‘ಅದು ಇನ್ನೂ ಚಹಾ ಮಾಡಿಲ್ಲೇನು’ ಎಂದು ಅಪ್ಪ ಆಯಿಯನ್ನು ಕೇಳುವರು. ‘ಅದಕ್ಕ ಎಂದ ತಿಳದೈತಿ ಹೊತ್ತು’ ಎಂದು ಆಯಿ ಉತ್ತರಿಸುವಳು. ಇಬ್ಬರ ನಡುವೆ ಅವ್ವ ಚಹಾದ ಕಪ್ಪು ಹಿಡಿದು ನಿಂತಿರುತ್ತಿದ್ದಳು. ನಮ್ಮ ಕಡೆಯ ಮಾತೇ ಹೀಗೆ, ಇದರಲ್ಲಿ ಅಪ್ಪನದೊಬ್ಬರದೇ ತಪ್ಪೆಂದು ಹೇಳಲಾರೆ. ನನ್ನನ್ನೂ ಅವರು ‘ಅದು’ ಎಂದೇ ಅನ್ನುತ್ತಿದ್ದರು. ನನಗೆ ಜ್ವರ ಬಂದ ದಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ‘ಅದು ಏನರೆ ತಿಂತೇನು’ ಎಂದು ಕೇಳಿದ ದನಿ ಇನ್ನೂ ಕಿವಿಯಲ್ಲಿದೆ; ಅದರಲ್ಲಿ ಮಮತೆ ಅಲ್ಲದೆ ಬೇರೇನೂ ಇರಲಿಲ್ಲ. ಆದರೆ ಅವ್ವನಿಗೆ ಹೇಳುವಾಗ ಆ ಮಮತೆ ಇತ್ತೋ ಇಲ್ಲವೋ, ಅಷ್ಟು ಸಣ್ಣವಳಿಗೆ ತಿಳಿಯುವಂತಿರಲಿಲ್ಲ.

ಅಪ್ಪನಿಗೆ ಇಂಗ್ಲಿಷ್ ಮಾಸ್ತರರಾಗುವ ಆಸೆ ಇತ್ತಂತೆ. ಬ್ಯಾಂಕಿನ ಪರೀಕ್ಷೆ ಮೊದಲು ಪಾಸಾದದ್ದರಿಂದ ಆಸೆ ಅಲ್ಲಿಗೇ ನಿಂತಿತು. ಅದರ ಬಾಕಿಯನ್ನು ಅವರು ನನ್ನ ಮೇಲೆ ತೀರಿಸಿಕೊಂಡರು. ಸಂಜೆ ಬಂದು, ಕೈಕಾಲು ತೊಳೆದು, ಬನಿಯನ್ನಿನಲ್ಲಿ ಗ್ಯಾಲರಿಯ ಕುರ್ಚಿಗೆ ಕೂತು, ಕಂದು ಕಾಗದದ ರಟ್ಟು ಹಾಕಿದ ತಮ್ಮ ಹಳೆಯ ವ್ಯಾಕರಣದ ಪುಸ್ತಕ ತೆರೆಯುತ್ತಿದ್ದರು. ನಾನು ನೆಲದ ಮೇಲೆ ಪಾಟಿ ಹಿಡಿದು ಕೂಡಬೇಕು. ಆ ಒಂದು ಗಂಟೆ ಅವರು ಬೇರೆಯೇ ಮನುಷ್ಯ. ದನಿ ಇಳಿಯುತ್ತಿತ್ತು, ತಪ್ಪು ಮಾಡಿದರೂ ಬೈಯುತ್ತಿರಲಿಲ್ಲ. ಇಂಗ್ಲಿಷಿನವರು ‘ನಾನು’ ಎಂಬುದನ್ನು ಮೊದಲನೆಯ ಪುರುಷ ಅನ್ನುತ್ತಾರೆ, ನಮ್ಮ ವ್ಯಾಕರಣದಲ್ಲಿ ‘ಅವನು, ಅವಳು, ಅದು’ ಪ್ರಥಮ ಪುರುಷ, ತಾನು ಮೊದಲೋ ಮಂದಿ ಮೊದಲೋ ಎಂಬುದರಲ್ಲೇ ಎರಡು ದೇಶದ ಬುದ್ಧಿ ಗೊತ್ತಾಗುತ್ತದೆ ಎಂದು ಒಂದು ಸಂಜೆ ಹೇಳಿದರು. ಅದನ್ನು ಹೇಳಿ ತಮ್ಮ ಮಾತು ತಮಗೇ ಮೆಚ್ಚಿಕೆಯಾಗಿ ಸ್ವಲ್ಪ ಹೊತ್ತು ಬೀದಿ ನೋಡುತ್ತ ಕೂತರು. ‘ಯು’ ಎಂಬ ಒಂದೇ ಪದ ಸಣ್ಣವರಿಗೂ ದೊಡ್ಡವರಿಗೂ ಸಾಲುತ್ತದೆ ಎಂದು ತಿಳಿದಾಗ ನನಗೆ ಹೆದರಿಕೆಯೇ ಆಯಿತು. ಹಾಗಾದರೆ ಇಂಗ್ಲಿಷಿನಲ್ಲಿ ಅಪ್ಪನಿಗೂ ಅವ್ವನಿಗೂ ಒಂದೇ ಪದ ಅನ್ನಬೇಕೇ ಎಂದು ಕೇಳಿದೆ. ಹೌದು ಎಂದರು, ಸ್ವಲ್ಪ ತಡೆದು.

ಕೆಲವೇ ದಿನಗಳ ಮೇಲೆ ಶಾಲೆಯಲ್ಲಿ ನಮ್ಮ ಕುಟುಂಬದ ಬಗ್ಗೆ ಹತ್ತು ಸಾಲು ಬರೆಯಲು ಹೇಳಿದರು. ನಾನು ಕನ್ನಡದಲ್ಲಿ ಯೋಚಿಸಿ ಒಂದೊಂದೇ ಪದವನ್ನು ಇಂಗ್ಲಿಷಿಗೆ ಇಳಿಸಿದೆ. ‘ಮೈ ಫಾದರ್ ಈಸ್ ಇನ್ ದಿ ಬ್ಯಾಂಕ್. ದೇ ಆರ್ ವೆರಿ ಸ್ಟ್ರಿಕ್ಟ್. ಮೈ ಮದರ್ ಈಸ್ ಅಟ್ ಹೋಮ್. ಇಟ್ ಕುಕ್ಸ್ ಫುಡ್. ಇಟ್ ವಾಷಸ್ ಕ್ಲೋತ್ಸ್. ಇಟ್ ಈಸ್ ವೆರಿ ಗುಡ್.’ ಅಪ್ಪನಿಗೆ ಗೌರವದ ಬಹುವಚನ, ಅವ್ವನಿಗೆ ಮನೆಯಲ್ಲಿ ಅನ್ನುವಂತೆ ‘ಅದು’. ಎಲ್ಲವೂ ಸರಿ ಇದೆ ಎಂಬ ಧೈರ್ಯದಿಂದ ವಹಿ ಕೊಟ್ಟೆ. ಟೀಚರ್ ಬಿಳಿ ಹತ್ತಿ ಸೀರೆಯ ಗುಜರಾತಿ ಹೆಂಗಸು, ಕೆಟ್ಟವರಲ್ಲ, ಆದರೆ ಅರವತ್ತು ಮಕ್ಕಳ ತರಗತಿಯಲ್ಲಿ ನಗು ಸಿಕ್ಕರೆ ಬಿಡುವವರಲ್ಲ. ನನ್ನನ್ನು ನಿಲ್ಲಿಸಿ ಗಟ್ಟಿಯಾಗಿ ಓದಿದರು. ನಿನಗೆ ಎಷ್ಟು ಜನ ಅಪ್ಪಂದಿರು ಎಂದು ಕೇಳಿದರು. ನಿನ್ನ ತಾಯಿಗೆ ಕಾಲು ನಾಲ್ಕೇ, ಬಾಲವೂ ಉಂಟೇ ಎಂದು ಕೇಳಿದರು. ತರಗತಿ ನಕ್ಕಿತು. ನಾನೂ ನಕ್ಕೆ, ಆ ನಗುವಿನ ನಾಚಿಕೆ ಇವತ್ತಿಗೂ ಹೋಗಿಲ್ಲ. ಕೆಂಪು ಶಾಯಿಯಲ್ಲಿ ಎಲ್ಲ ಸುತ್ತಿ, ತಂದೆಯ ಸಹಿ ಮಾಡಿಸಿಕೊಂಡು ಬರಲು ಹೇಳಿ ಕಳಿಸಿದರು. ಮುಂದೆ ನಾನು ಟೀಚರ್ ಆದ ಮೇಲೆ ಹೀಗೆ ಬರೆದ ಮಕ್ಕಳು ನನಗೂ ಸಿಕ್ಕರು. ಗಟ್ಟಿಯಾಗಿ ಓದಲಿಲ್ಲ, ಅಷ್ಟೇ ನಾನು ಮಾಡಿದ ಸುಧಾರಣೆ.

ಅಪ್ಪ ವಹಿಯನ್ನು ಗ್ಯಾಲರಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಅವ್ವ ಒಳಗೆ ಬಾಣಲೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಸೌಟಿನ ಸದ್ದು ನಿಂತದ್ದರಿಂದ ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

“ಅವ್ವಗ ‘ಇಟ್’ ಅಂತ ಬರೀತಾರೇನು? ಯಾರು ಕಲಿಸಿದ್ರು ನಿನಗ ಇದನ್ನ?”

“ನೀವ ಅಂತೀರಲ್ಲಪ್ಪಾ, ‘ಅದು’ ಅಂತ.”

ಹೊಡೆಯುತ್ತಾರೆಂದು ಕುತ್ತಿಗೆ ಒಳಗೆ ಎಳೆದುಕೊಂಡೆ. ಹೊಡೆಯಲಿಲ್ಲ. ಎದ್ದು ಹೋಗಿ ಅಂಗಿಯ ಜೇಬಿನಿಂದ ಪೆನ್ನು ತಂದು, ಒಂದೊಂದೇ ‘ಇಟ್’ ಮೇಲೆ ನೇರವಾದ ಗೆರೆ ಎಳೆದು ಮೇಲೆ ‘ಷಿ’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ತಮ್ಮ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ದೇ’ ತೆಗೆದು ‘ಹಿ’ ಮಾಡಬೇಕು. ಒಬ್ಬ ‘ಅವನು’ ಆಗಬೇಕು. ಕೊನೆಗೆ ಅದನ್ನೂ ತಿದ್ದಿದರು. ವ್ಯಾಕರಣದ ವಿಷಯದಲ್ಲಿ ಅವರು ಪ್ರಾಮಾಣಿಕ ಮನುಷ್ಯ. ಸಹಿ ಹಾಕಿ ವಹಿ ಕೊಟ್ಟು, ಒಳಗೆ ತಿರುಗಿ ಆಯಿಗೆ, ಶೇಂಗಾ ಹೊತ್ತಿದ ವಾಸನೆ ಬರುತ್ತಿದೆ, ಅದರ ಲಕ್ಷ್ಯ ಎಲ್ಲಿದೆ ಎಂದು ಕೇಳಿದರು. ಇಂಗ್ಲಿಷ್ ಸರಿಯಾಯಿತು. ಕನ್ನಡ ಹಾಗೇ ಉಳಿಯಿತು.

ಮರುದಿನ ಶನಿವಾರ, ನನಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ಊಟವಾದ ಮೇಲೆ ಅವ್ವ ಅಡಿಗೆಮನೆಯ ಹೊಸ್ತಿಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ದೇವರಿಗೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ನಿನ್ನೆ ನಿಮ್ಮಪ್ಪ ಏನು ತಿದ್ದಿದರು ಎಂದು ಅವ್ವ ಮೆಲ್ಲಗೆ ಕೇಳಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಗೊತ್ತಿದ್ದುದನ್ನು ಹೇಳಿ ಜಾಣೆ ಎನಿಸಿಕೊಳ್ಳುವ ವಯಸ್ಸು ಅದು. ‘ಇಟ್’ ಅಂದರೆ ‘ಅದು’, ಇಂಗ್ಲಿಷಿನಲ್ಲಿ ಮನುಷ್ಯರಿಗೆ ಅದನ್ನು ಹಚ್ಚುವುದಿಲ್ಲ, ನಾನು ನಿನಗೆ ಹಚ್ಚಿದ್ದೆ ಎಂದೆ. ಮತ್ತೆ ಯಾವುದಕ್ಕೆ ಹಚ್ಚುತ್ತಾರೆ ಎಂದಳು. ಮೇಜು, ನಾಯಿ, ರೈಲು, ಮಳೆ ಎಂದು ಬೆರಳು ಮಡಚಿ ಹೇಳಿದೆ. ಅವಳು ನಾಲ್ಕಾರು ಎಸಳು ಬಿಡಿಸಿ ಬುಟ್ಟಿಗೆ ಹಾಕಿದಳು.

“ಮತ್ತ ನನಗ ಹಚ್ಚೂದು ಯಾವುದು?”

“ಷಿ. ಆಕಿ ಅಂತ.”

“ಅದು ಮಂದಿ ನನಗ ಅನ್ನೂದು. ನಾ ನನಗ ಅನ್ನೂದು?”

“ಐ.”

“ಅಷ್ಟ ಸಣ್ಣದೇನು?”

ಒಂದೇ ಅಕ್ಷರ, ಆದರೆ ಎಲ್ಲಿ ಬಂದರೂ ದೊಡ್ಡದಾಗಿಯೇ ಬರೆಯಬೇಕು ಎಂದು ಹೇಳಿಕೊಟ್ಟೆ. ಪಾಟಿಯ ಮೇಲೆ ನೇರ ಗೆರೆ ಎಳೆದು, ಮೇಲೊಂದು ಕೆಳಗೊಂದು ಅಡ್ಡಗೆರೆ ಹಾಕಿ ತೋರಿಸಿದೆ. ಅವ್ವ ಸೊಪ್ಪಿನ ಹಸಿರು ಹತ್ತಿದ ಬೆರಳಿನಿಂದ ಬಳಪ ಹಿಡಿದು ಅದರ ಪಕ್ಕದಲ್ಲಿ ಇನ್ನೊಂದು ಬರೆದಳು. ಅವಳದು ನನ್ನದಕ್ಕಿಂತ ನೆಟ್ಟಗಿತ್ತು. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು, ಅಕ್ಷರಕ್ಕೆ ಅಂಜುವವಳಲ್ಲ. ಆಯಿ ಕಣ್ಣು ತೆರೆಯಲಿಲ್ಲ, ಆದರೆ ಬತ್ತಿ ಹೊಸೆಯುವ ಕೈ ನಿಂತಿತ್ತು.

ಅಲ್ಲಿಂದ ಮುಂದೆ ಮಧ್ಯಾಹ್ನಗಳಲ್ಲಿ ಅವ್ವ ಕಲಿಯತೊಡಗಿದಳು. ಯಾರಿಗೂ ಹೇಳಿ ಮಾಡಿದ್ದಲ್ಲ, ಮುಚ್ಚಿ ಮಾಡಿದ್ದೂ ಅಲ್ಲ. ಅಪ್ಪ ಸಂಜೆ ನನಗೆ ಹೇಳಿಕೊಟ್ಟದ್ದನ್ನು ಮರುದಿನ ನಾನು ಶಾಲೆಯಿಂದ ಬಂದು ಅವಳಿಗೆ ಒಪ್ಪಿಸುತ್ತಿದ್ದೆ. ಅವಳು ಅದನ್ನು ರೊಟ್ಟಿಯ ಹಿಟ್ಟು ನಾದುತ್ತ, ಬಟ್ಟೆ ಹಿಂಡುತ್ತ ತುಟಿಯಲ್ಲೇ ತಿರುವಿಹಾಕುತ್ತಿದ್ದಳು. ಐ ಆ್ಯಮ್, ಯು ಆರ್, ಷಿ ಈಸ್. ಐ ಹ್ಯಾವ್, ಯು ಹ್ಯಾವ್, ಷಿ ಹ್ಯಾಸ್. ಕೆಳಗಿನ ಹಂಸಾಬೆನ್ ಜೊತೆ ಗುಜರಾತಿಯನ್ನೂ ಹೀಗೆಯೇ ಹೆಕ್ಕಿಕೊಂಡಳು. ಗುಜರಾತಿಯಲ್ಲಿ ‘ನಾವು’ ಎನ್ನಲು ಎರಡು ಪದ. ನಿನ್ನನ್ನು ಬಿಟ್ಟು ನಾವಷ್ಟೇ ಎಂದರೆ ‘ಅಮೇ’, ನಿನ್ನನ್ನೂ ಸೇರಿಸಿಕೊಂಡು ಎಂದರೆ ‘ಆಪಣೇ’. ಕಾಯಿಪಲ್ಯೆಗೆ ಹೊರಟಾಗ ಹಂಸಾಬೆನ್ ಮೆಟ್ಟಿಲ ಬುಡದಲ್ಲಿ ನಿಂತು ‘ಆಪಣೇ ಜೈಏ’, ಹೋಗೋಣ ಬಾ, ಎಂದು ಕರೆಯುತ್ತಿದ್ದರು. ಎರಡು ಪದಗಳ ವ್ಯತ್ಯಾಸ ತಿಳಿದ ದಿನ ಅವ್ವ ಮೇಲೆ ಬಂದು, ಹಂಸಾಬೆನ್ ಇಷ್ಟು ದಿನ ತನ್ನನ್ನು ಸೇರಿಸಿಯೇ ಮಾತಾಡುತ್ತಿದ್ದರು ಎಂದು ಆಯಿಗೆ ಹೇಳಿದಳು. ಆಯಿ ಹೂಂ ಎಂದಳು. ಆ ಮನೆಯಲ್ಲಿ ಅವ್ವ ಖುಷಿಯಿಂದ ಹೇಳಿದ್ದು ಎಂದು ನನಗೆ ನೆನಪಿರುವ ಮಾತು ಅದೊಂದೇ.

ಎರಡು ವರ್ಷಕ್ಕೆ ವಡೋದರಾಕ್ಕೆ ವರ್ಗವಾಯಿತು. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದದ್ದು ಅವ್ವ, ಹೊಸ ಮನೆಯಲ್ಲಿ ಬಿಚ್ಚಿದ್ದೂ ಅವಳೇ. ಇಲ್ಲಿ ಮೂರು ಕೋಣೆ, ಕೆಳಗಡೆಯೇ ಅಂಗಡಿಗಳ ಸಾಲು, ನೀರು ಬೆಳಿಗ್ಗೆ ಒಂದೇ ಹೊತ್ತು. ನೀರು ತುಂಬಿ ಎತ್ತಿಡುವಾಗ ಅವ್ವ ಹೊಟ್ಟೆಯ ಕೆಳಗೆ ಕೈ ಒತ್ತಿ ಗೋಡೆ ಹಿಡಿದು ನಿಲ್ಲುವುದನ್ನು ನೋಡಿದೆ. ಏನಾಯಿತು ಎಂದರೆ ಏನಿಲ್ಲ ಎನ್ನುವಳು. ಮುಖ ಬಿಳಿಚಿಕೊಂಡಿತು. ರೊಟ್ಟಿ ಬಡಿಯುವಾಗ ನಡುನಡುವೆ ಕೂತುಬಿಡುವಳು. ಒಂದು ಬೆಳಿಗ್ಗೆ ಬಚ್ಚಲಿನ ನೆಲವೆಲ್ಲ ರಕ್ತ ಕಂಡು ನಾನು ಕೂಗಿದಾಗ, ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ನೀರು ಹಾಕಿ ತಾನೇ ತೊಳೆದಳು. ಅಪ್ಪನಿಗೆ ತಿಳಿದದ್ದು ಇಷ್ಟೇ: ಅದಕ್ಕೆ ಈಚೆಗೆ ಅಶಕ್ತಿ, ಕೆಲಸ ನಿಧಾನ. ಅದನ್ನು ಅವರು ಆಯಿಗೆ ಹೇಳಿದರು, ಆಯಿ ಅವ್ವನಿಗೆ ಹೇಳಿದಳು. ಮನೆಯ ಮಾತುಗಳೆಲ್ಲ ಹೀಗೆ ಸುತ್ತು ಬಳಸಿ ಹೋಗುತ್ತಿದ್ದವು. ನೇರವಾಗಿ ಕೇಳುವ ದಾರಿ ಇರಲಿಲ್ಲ. ನಾನು ಹೆದರಿ ಅಪ್ಪನಿಗೆ ಬಚ್ಚಲಿನ ಸಂಗತಿ ಹೇಳಿದ ಮೇಲೆ ಅವರು ಆಫೀಸಿನಲ್ಲಿ ಯಾರನ್ನೋ ವಿಚಾರಿಸಿ, ಅಲ್ಕಾಪುರಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆಂದು ತಿಳಿದುಕೊಂಡು ಬಂದರು. ಅವ್ವ ನನ್ನ ಕೈ ಬಿಡಲಿಲ್ಲವಾಗಿ ನನ್ನನ್ನೂ ಕರೆದೊಯ್ದರು.

ಡಾಕ್ಟರಮ್ಮ ಮೊದಲು ಅವ್ವನ ಕಡೆ ನೋಡಿ ಗುಜರಾತಿಯಲ್ಲಿ ಏನಾಗುತ್ತಿದೆ ಎಂದು ಕೇಳಿದರು. ಅವ್ವ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಬ್ಯಾಂಕಿನ ಅಧಿಕಾರಿ, ಶುದ್ಧ ಇಂಗ್ಲಿಷ್. ಅಲ್ಲಿಂದ ಡಾಕ್ಟರಮ್ಮನ ಮಾತೂ ಇಂಗ್ಲಿಷಿಗೆ, ಅಪ್ಪನ ಕಡೆಗೆ ತಿರುಗಿತು. ಷಿ ಈಸ್ ವೀಕ್. ಷಿ ಡಸ್ ನಾಟ್ ಈಟ್ ಪ್ರಾಪರ್ಲಿ. ಷಿ ವಾಸ್ ಆಲ್ವೇಸ್ ಲೈಕ್ ದಿಸ್. ಮೈಯಲ್ಲಿ ಶಕ್ತಿ ಇಲ್ಲ, ಸರಿಯಾಗಿ ಉಣ್ಣುವುದಿಲ್ಲ, ಮೊದಲಿನಿಂದಲೂ ಹೀಗೆಯೇ ಎಂದು ಹೇಳುತ್ತ ಹೋದರು. ರಕ್ತದ ಮಾತು ಎತ್ತಲಿಲ್ಲ. ಪರ ಹೆಂಗಸಿನ ಎದುರು ಅದನ್ನು ಹೇಳಲು ಅವರಿಗೆ ನಾಚಿಕೆ ಎಂದು ಈಗ ಅರ್ಥವಾಗುತ್ತದೆ. ಕೆಟ್ಟತನವಲ್ಲ, ಬರೀ ನಾಚಿಕೆ. ಆ ನಾಚಿಕೆಗೆ ಅವ್ವ ಸಾಯಬಹುದಿತ್ತು. ಡಾಕ್ಟರಮ್ಮ ತಲೆಯಾಡಿಸಿ ಟಾನಿಕ್ ಬರೆಯಲು ಚೀಟಿ ಎಳೆದುಕೊಂಡರು. ಆಗ ಅವ್ವ ನನ್ನ ಕೈ ಬಿಟ್ಟು, ಎರಡೂ ಕೈ ಮೇಜಿನ ಅಂಚಿಗೆ ಇಟ್ಟಳು.

“ಐ ಹ್ಯಾವ್ ಪೇನ್. ಐ ಹ್ಯಾವ್ ಬ್ಲಡ್. ಥ್ರೀ ಮಂತ್ಸ್.”

ಮೂರು ತಿಂಗಳಿಂದ ನೋವು, ರಕ್ತ. ದನಿ ಎತ್ತರಿಸಲಿಲ್ಲ, ಅಳಲಿಲ್ಲ. ಪಾಠ ಒಪ್ಪಿಸುವವರಂತೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಅಪ್ಪ ಅವಳ ಕಡೆ ತಿರುಗಿ ನೋಡಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ನೀವಿಬ್ಬರೂ ಹೊರಗೆ ಕೂಡಿ ಎಂದು ಅಪ್ಪನಿಗೂ ನನಗೂ ಹೇಳಿದರು. ಬಾಗಿಲು ಮುಚ್ಚಿಕೊಂಡ ಮೇಲೆ ಒಳಗಿನಿಂದ ಅವ್ವನ ಗುಜರಾತಿ ಕೇಳಿಸಿತು, ತುಂಬ ಹೊತ್ತು. ಅವಳು ಅಷ್ಟೊಂದು ಮಾತಾಡುವುದನ್ನು ನಾನು ಕೇಳಿರಲಿಲ್ಲ. ಅಪ್ಪ ಬೆಂಚಿನ ಮೇಲೆ ಮೊಣಕಾಲಿಗೆ ಕೈ ಊರಿ ಕೂತು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ, ಮೈಯಲ್ಲಿ ರಕ್ತ ಬಹಳ ಕಡಿಮೆಯಾಗಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದು ಆಮೇಲೆ ಡಾಕ್ಟರಮ್ಮ ಹೇಳಿದರು. ಈ ಸಲ ಇಬ್ಬರಿಗೂ ಹೇಳಿದರು, ಗುಜರಾತಿಯಲ್ಲಿ. ಅಪ್ಪನಿಗೆ ಅದು ಅರ್ಧ ಮಾತ್ರ ತಿಳಿಯಿತು. ಉಳಿದರ್ಧವನ್ನು ಅವ್ವ ಕನ್ನಡದಲ್ಲಿ ಹೇಳಬೇಕಾಯಿತು.

ಮನೆಗೆ ಬಂದು ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ಹೊರಟಾಗ ಅಪ್ಪ ತಡೆದರು.

“ಇಂಗ್ಲಿಷ್ ಯಾವಾಗ ಕಲ್ತಿ?”

“ಮಧ್ಯಾಹ್ನದಾಗ.”

ಅಷ್ಟೇ ಮಾತು. ಅವ್ವನಿಗೆ ನಿಲ್ಲುವ ಶಕ್ತಿಯೂ ಇರಲಿಲ್ಲ.

ರಕ್ತ ಹಾಕಿಸಿ, ಆಪರೇಷನ್ ಮಾಡಿ, ಗರ್ಭಕೋಶ ತೆಗೆದರು. ಆಸ್ಪತ್ರೆಯ ಆ ದಿನ ಅಪ್ಪ ಬೆಳಗಿನಿಂದ ನೀರು ಕೂಡ ಕುಡಿಯದೆ ಬಾಗಿಲ ಹೊರಗೆ ಕೂತಿದ್ದರು. ಅದನ್ನೂ ಹೇಳಬೇಕು, ಹೇಳದಿದ್ದರೆ ಅವರಿಗೆ ಅನ್ಯಾಯ. ಆಮೇಲೆ ರಜೆ ಹಾಕಿ ಅಡಿಗೆಗೆ ನಿಂತರು. ಅನ್ನ ಒಮ್ಮೆ ಗಂಜಿಯಾಗುತ್ತಿತ್ತು, ಒಮ್ಮೆ ಕಾಳುಕಾಳಾಗಿ ಉಳಿಯುತ್ತಿತ್ತು. ಅವ್ವ ಮಲಗಿದಲ್ಲಿಂದಲೇ ನೀರು ಎಷ್ಟು ಎಂದು ಹೇಳುವಳು, ಅವರು ಕೇಳಿ ಹಾಕುವರು. ‘ಅದು’ ಎನ್ನುವುದನ್ನು ಅವರು ಬಿಡಲಿಲ್ಲ, ಕೊನೆಯವರೆಗೂ ಬಿಡಲಿಲ್ಲ. ಆದರೆ ಬಾಗಿಲ ಹತ್ತಿರ ನಿಂತು, ಆಯಿಯ ಮೂಲಕ ಅಲ್ಲದೆ ನೇರವಾಗಿ, ನೋವು ಐತೇನು ಎಂದು ಕೇಳಲು ಕಲಿತರು. ಅವ್ವ ಇದ್ದರೆ ಐತಿ ಎನ್ನುವಳು, ಇಲ್ಲದಿದ್ದರೆ ಇಲ್ಲ ಎನ್ನುವಳು. ಇಷ್ಟು ಸರಳವಾದ ಪ್ರಶ್ನೋತ್ತರ ನಮ್ಮ ಮನೆಗೆ ಬರಲು ಅಷ್ಟೆಲ್ಲ ಆಗಬೇಕಾಯಿತು.

ಆ ದಿನಗಳಲ್ಲಿ ಆಯಿ ಅವ್ವನ ಹಾಸಿಗೆಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಗಂಜಿ ಆರಿಸಿ ಕುಡಿಸುವಳು, ತಲೆ ಬಾಚುವಳು. ಒಂದು ಮಧ್ಯಾಹ್ನ ಬಾಚುತ್ತ ಬಾಚುತ್ತ, ತನಗೂ ಈ ವಯಸ್ಸಿನಲ್ಲಿ ಹೀಗೆಯೇ ಹೋಗುತ್ತಿತ್ತು ಎಂದಳು. ನಿಮ್ಮ ಮಾವ ವೈದ್ಯರ ಮುಂದೆ ಅದಕ್ಕೆ ಸ್ವಲ್ಪ ಅಶಕ್ತಿ ಎಂದು ಹೇಳಿ ಒಂದು ಪುಡಿ ತಂದುಕೊಟ್ಟರು, ಎರಡು ವರ್ಷ ಹೋಗಿ ತಾನಾಗಿಯೇ ನಿಂತಿತು, ಉಳಿದೆ ಎಂದಳು. ಆಯಿ ಹೆಣಲು ಹಾಕಿ ಮುಗಿಸಿ, ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಕಿಟಕಿಯಲ್ಲಿಟ್ಟಳು. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಓದಿ ಏನಾಗಬೇಕು ಎಂದು ನಿರ್ಧರಿಸಿದ್ದು ಆವಾಗಲೇ ಎಂದು ಹೇಳಿದರೆ ಸುಳ್ಳಾದೀತು. ಆದರೆ ಹೇಳಲು ಬರಬೇಕು, ಎದುರಿಗಿರುವವರ ಭಾಷೆಯಲ್ಲಿ ಹೇಳಲು ಬರಬೇಕು ಎಂಬ ಭಯ ಹುಟ್ಟಿದ್ದು ಅಲ್ಲೇ. ಆ ಭಯವೇ ನನ್ನನ್ನು ಓದಿಸಿತು.

ಮರುವರ್ಷ ಅಪ್ಪನಿಗೆ ಸೂರತ್ತಿಗೆ ವರ್ಗದ ಆದೇಶ ಬಂತು. ಕತಾರ್‌ಗಾಮ್ ಶಾಖೆ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ, ಎಂದಿನಂತೆ ಆಯಿಯ ಕಡೆ ನೋಡಿ, ಮುಂದಿನ ವಾರ ಗೋಣಿಚೀಲ ತರಿಸುತ್ತೇನೆ, ಅದು ಪಾತ್ರೆ ತುಂಬಲು ಶುರು ಮಾಡಲಿ ಎಂದರು. ಅವ್ವ ನೀರಿನ ತಂಬಿಗೆ ಹಿಡಿದು ಬಂದವಳು ತಂಬಿಗೆಯನ್ನು ಕೆಳಗಿಟ್ಟು ನೆಲದ ಮೇಲೆ ಕೂತಳು. ಅಪ್ಪ ತಿನ್ನುವಾಗ ಅವಳು ಕೂತದ್ದು ನಾನು ನೋಡಿರಲಿಲ್ಲ.

“ನಾನು ಬರಂಗಿಲ್ಲ. ಕಟ್ಟೂದು, ಬಿಚ್ಚೂದು, ಮತ್ತ ಕಟ್ಟೂದು. ನನಗ ಸಾಕಾಗೇತಿ. ಇದರ ಸಾಲಿ ಮುಗಿಯೂತನ ನಾನು ಇಲ್ಲೇ ಇರ್ತೀನಿ.”

ಅಪ್ಪ ಸಿಟ್ಟಾಗುತ್ತಾರೆಂದು ಕಾದೆವು. ಸಿಟ್ಟಾದರು ಕೂಡ, ಸೂರತ್ತಿನಲ್ಲಿ ತಾವೊಬ್ಬರೇ ಹೇಗಿರಬೇಕು, ಜನ ಏನು ಅಂದಾರು, ಇದು ಎಲ್ಲಿಯ ಪದ್ಧತಿ ಎಂದೆಲ್ಲ ಹೇಳಿದರು. ಅವ್ವ ತಲೆ ತಗ್ಗಿಸಿ ಕೇಳಿದಳು, ತಲೆ ತಗ್ಗಿಸಿಯೇ ಇಲ್ಲ ಎಂದಳು. ಮಾತು ತೀರಿದ ಮೇಲೆ ಅಪ್ಪ ತಾಯಿಯ ಕಡೆ ತಿರುಗಿದರು.

“ಹಂಗಾರ ಅವ್ವಾ, ನೀನರೆ ನನ್ನ ಜೋಡಿ ನಡಿ. ಅದು ಇಲ್ಲೇ ಇರಲಿ.”

ಆಯಿ ತಟ್ಟೆಯಲ್ಲಿ ಉಳಿದ ಉಪ್ಪಿಟ್ಟನ್ನು ಬೆರಳಿನಿಂದ ಒಂದೆಡೆ ಕೂಡಿಸುತ್ತಿದ್ದಳು. ಮಗ ಕರೆದರೆ ಆಯಿ ಹೋಗದೆ ಇದ್ದದ್ದಿಲ್ಲ. ಮಗನ ಹಿಂದೆಯೇ ಊರು ಬಿಟ್ಟು ಇಷ್ಟು ದೂರ ಬಂದವಳು.

“ಇಲ್ಲೋ ತಮ್ಮಾ. ಆಕಿ ಎಲ್ಲೋ ನಾನೂ ಅಲ್ಲೇ. ನನಗೂ ದಣಿವಾಗೇತಿ.”

ಆಯಿ ಅವ್ವನನ್ನು ‘ಆಕಿ’ ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಅವ್ವ ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು. ಅಪ್ಪ ಕೈ ತೊಳೆಯಲು ಎದ್ದು ಹೋದರು.

ಹೊರಡುವ ದಿನ ಬೆಳಗಿನ ಗಾಡಿಗೆ ಅಪ್ಪ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡರು. ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವ ಕಾರ್ಖಾನೆಯ ಮೇಲೆ ಒಂದು ಕೋಣೆ ಗೊತ್ತಾಗಿತ್ತು. ಶನಿವಾರ ಬಂದು ಸೋಮವಾರ ಹೋಗುವುದೆಂದು ತೀರ್ಮಾನವಾಗಿತ್ತು. ಮೂರು ವರ್ಷ ಹಾಗೆಯೇ ನಡೆಯಿತು. ಆ ಬೆಳಿಗ್ಗೆ ಅವ್ವ ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಆಯಿ ಮಗನ ಬೆನ್ನು ಸವರಿದಳು. ರಿಕ್ಷಾ ತಿರುವಿನಲ್ಲಿ ಮರೆಯಾಗುವವರೆಗೆ ಮೂವರೂ ಬಾಗಿಲಲ್ಲಿ ನಿಂತಿದ್ದೆವು. ಆಮೇಲೆ ಒಳಗೆ ಬಂದೆವು. ಆಯಿ ನೆಲಕ್ಕೆ ಚಾಪೆ ಹಾಸಿ ಮಲಗಿದಳು, ಅವ್ವ ಅವಳ ಪಕ್ಕ 'ಒಂದು ಗಳಿಗೆ' ಎಂದು ಒರಗಿದಳು, ನಾನು ಅವ್ವನ ಪಕ್ಕ. ಮೂವರಿಗೂ ನಿದ್ದೆ ಬಂತು. ಎದ್ದಾಗ ಬಿಸಿಲು ಎದುರು ಗೋಡೆಗೆ ಹೋಗಿತ್ತು; ಮಧ್ಯಾಹ್ನದ ಊಟದ ಹೊತ್ತು ಮೀರಿ ಎಷ್ಟೋ ಆಗಿತ್ತು. ಯಾರೂ ಗಡಿಬಿಡಿ ಮಾಡಲಿಲ್ಲ. ಇವತ್ತು ಒಲೆ ಹಚ್ಚುವುದು ಬೇಡ ಎಂದು ಆಯಿಯೇ ಹೇಳಿದಳು. ನಾನು ಕೆಳಗಿನ ಅಂಗಡಿಗೆ ಹೋಗಿ ಕಾಗದದಲ್ಲಿ ಕಡಲೆಬೇಳೆಯ ಬಿಸಿ ಖಮಣ್ ಕಟ್ಟಿಸಿಕೊಂಡು ಬಂದೆ. ಚಾಪೆಯ ಮೇಲೆ ಕಾಗದ ಬಿಚ್ಚಿ ನಡುವೆ ಇಟ್ಟು, ತಟ್ಟೆ ಕೂಡ ಹಚ್ಚದೆ, ಮೂವರೂ ಕೈ ಹಾಕಿ ತಿಂದೆವು.